ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ಫಾರ್ಮ್‌ಹೌಸ್ ತೋಟಗಳಿಗೆ ಅಷ್ಟೆತ್ತರದ ಇಟ್ಟಿಗೆ ಗೋಡೆ ಯಾಕೆ?

ಕಳ್ಳರು, ಮೊಲ, ಗಾಳಿ ಎಲ್ಲಕ್ಕೂ ತಡೆ ಬೇಕಿತ್ತು ನಿಜ, ಆದರೆ ಮುಖ್ಯ ಕಾರಣ ಚಳಿ. ಪೀಚ್, ಏಪ್ರಿಕಾಟ್ ಮರಗಳು ವಸಂತದ ಶುರುವಿನಲ್ಲೇ ಹೂ ಬಿಡುತ್ತವೆ. ಆಗ ಅಲ್ಲಿ ರಾತ್ರಿ ಹಿಮ ಕಟ್ಟುತ್ತದೆ, ಹೂವೆಲ್ಲ ಹಾಳಾಗಲು ಅಂಥ ಒಂದು ರಾತ್ರಿ ಸಾಕು.

ಇಟ್ಟಿಗೆ ಹಗಲೆಲ್ಲ ಬಿಸಿಲು ಹೀರಿಕೊಂಡು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ತಾರಸಿ ಕತ್ತಲಾದ ಮೇಲೂ ಕಾದಿರುತ್ತದಲ್ವಾ, ಹಾಗೆ. ಅದಕ್ಕೇ ಈ ಮರಗಳನ್ನು ದಕ್ಷಿಣಕ್ಕೆ ಮುಖ ಮಾಡಿದ, ಬಿಸಿಲು ಜಾಸ್ತಿ ಬೀಳುವ ಗೋಡೆಗೇ ಒತ್ತಿ ಬೆಳೆಸುತ್ತಿದ್ದರು: ಕೊಂಬೆಗಳನ್ನು ಚಪ್ಪಟೆಯಾಗಿ ಹರಡಿ, ಒಂದೊಂದಕ್ಕೂ ಬಟ್ಟೆ ಚೂರು ಸುತ್ತಿ, ಇಟ್ಟಿಗೆ ಸಂದಿನ ಗಾರೆಗೆ ಮೊಳೆ ಹೊಡೆದು. ಕಲ್ಲಿನ ಗೋಡೆಯಲ್ಲಿ ಈ ಕೆಲಸ ಇಷ್ಟು ಸಲೀಸಲ್ಲ. ಬಿಸಿಲು ಕಮ್ಮಿ ಇರುವ ಉತ್ತರದ ಮುಖವನ್ನೂ ಸುಮ್ನೆ ಬಿಡುತ್ತಿರಲಿಲ್ಲ, ಅಲ್ಲಿಗೆ ಹುಳಿ ಚೆರ್ರಿ. 1850ರಲ್ಲಿ ಇಟ್ಟಿಗೆ ಮೇಲಿನ ತೆರಿಗೆ ರದ್ದಾಯಿತು, ಖರ್ಚೂ ಸ್ವಲ್ಪ ಇಳಿಯಿತು.