ನೋಟ್ಸ್ ಕಲಿಸಲು ಒಂದು ಸಯಾಮೀಸ್ ಬೆಕ್ಕು ಸಾಕು

ಮೇಡಂ, ಬೆಕ್ಕಿನ ತಳಿಯ ಬಗ್ಗೆ ಪುಟ ಕೊಟ್ಟು ನೋಟ್ಸ್ ಬರೆಯಿರಿ ಅಂದರೆ ಮಕ್ಕಳು ಇಡೀ ಪುಟವನ್ನೇ ನಕಲು ಮಾಡುತ್ತಾರೆ, ಯಾವ ತಳಿ ತೆಗೆದುಕೊಂಡರೆ ಒಳ್ಳೆಯದು ಅಂತ ಕೇಳಿದ್ದೀರಿ. ನನ್ನ ಓಟು ಸಯಾಮೀಸ್‌ಗೆ. ಬೇರೆ ತಳಿಗಳ ಪುಟಗಳಲ್ಲಿ ಜಾಸ್ತಿ ಇರುವುದು ತೂಕ, ಬಣ್ಣ, ಸ್ವಭಾವದ ಪಟ್ಟಿ. ಪಟ್ಟಿಯನ್ನು ನಕಲು ಮಾಡದೆ ಇನ್ನೇನು ಮಾಡುತ್ತಾರೆ ಪಾಪ! ಸಯಾಮೀಸ್‌ನಲ್ಲಿ ಒಂದು ಒಳ್ಳೆಯ ‘ಯಾಕೆ’ ಇದೆ.

ನಾನು ಕೊಡುವ ಪಾಠ ಇಷ್ಟೇ: ಮರಿ ಹುಟ್ಟಿದಾಗ ಹೆಚ್ಚುಕಡಿಮೆ ಬೆಳ್ಳಗಿರುತ್ತದೆ. ಕೆಲವು ವಾರಗಳಲ್ಲಿ ಕಿವಿ, ಮೂತಿ, ಪಾದ, ಬಾಲಕ್ಕೆ ಗಾಢ ಬಣ್ಣ ಬರುತ್ತದೆ. ಕೂದಲಿಗೆ ಬಣ್ಣ ಕೊಡಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಈ ತಳಿಯಲ್ಲಿ ಅದು ಮೈ ಬೆಚ್ಚಗಿರುವ ಕಡೆ ಸರಿಯಾಗಿ ಕೆಲಸ ಮಾಡುವುದಿಲ್ಲ, ತಂಪಿರುವ ತುದಿಗಳಲ್ಲಿ ಮಾಡುತ್ತದೆ. ತಾಯಿಯ ಹೊಟ್ಟೆಯೊಳಗೆ ಎಲ್ಲ ಕಡೆ ಬೆಚ್ಚಗೆ, ಅದಕ್ಕೇ ಮರಿ ಬೆಳ್ಳಗೆ ಹುಟ್ಟುತ್ತದೆ. ಜೊತೆಗೆ ಒಂದು ಸಾಲು ಇತಿಹಾಸ: ಸಯಾಮ್, ಅಂದರೆ ಈಗಿನ ಥಾಯ್ಲೆಂಡ್‌ನ ಈ ಬೆಕ್ಕನ್ನು 1871ರಲ್ಲಿ ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತೋರಿಸಿದ್ದರು.

ಮೊದಲ ಸಲ ಪೆನ್ಸಿಲ್ ಮುಟ್ಟದೆ ಓದಲಿ. ಹಾಳೆ ಮಗುಚಿ, ಪಕ್ಕದವರಿಗೆ ಬಾಯಲ್ಲಿ ಹೇಳಲಿ. ಆಮೇಲೆ ಬೋರ್ಡ್ ಮೇಲೆ ಒಂದೇ ಪ್ರಶ್ನೆ: ‘ಬಾಲಕ್ಕೆ ಗಾಢ ಬಣ್ಣ, ಬೆನ್ನಿಗೆ ಯಾಕಿಲ್ಲ?’ ಎರಡನೇ ಓದಿನಲ್ಲಿ ಇದಕ್ಕೆ ಉತ್ತರ ಕೊಡುವ ಪದಗಳಿಗೆ ಮಾತ್ರ ಅಡಿಗೆರೆ. ನಮ್ಮ ಒಬ್ಬ ಹುಡುಗಿ ಎಲ್ಲ ಸಾಲಿಗೂ ಗೆರೆ ಎಳೆದಿದ್ದಳು. ಐದು ಪದ ಉಳಿಸಿಕೊಂಡು ಬಾಕಿ ಅಳಿಸು ಅಂದೆ. ರಬ್ಬರ್ ಹಿಡಿದು ಕಾಲು ಗಂಟೆ ಕೂತಳು. ಆ ದಿನ ಅವಳು ಕಲಿತದ್ದೆಲ್ಲ ಆ ಕಾಲು ಗಂಟೆಯಲ್ಲೇ. ಕೊನೆಗೆ ಬರೆದದ್ದು: ‘ಬಿಸಿ → ಬಣ್ಣ ಇಲ್ಲ. ತಂಪು → ಬಣ್ಣ.’

1871 ಮಾತ್ರ ಎಲ್ಲರ ನೋಟ್ಸ್‌ನಲ್ಲೂ ಇರುತ್ತದೆ, ನೋಡಿ ಬೇಕಾದರೆ. ಅಂಕಿ ಕಂಡರೆ ಮಕ್ಕಳಿಗೆ ಅದೇ ಮುಖ್ಯ ಅನ್ನಿಸುತ್ತದೆ. ತಪ್ಪು ಅನ್ನಬೇಡಿ. ‘ನಮ್ಮ ಪ್ರಶ್ನೆಗೆ ಇದು ಬೇಕಾ?’ ಅಂತ ಕೇಳಿ ಸಾಕು. ಮಾರನೆಯ ವಾರ ‘ಈ ಬೆಕ್ಕನ್ನು ಲಂಡನ್‌ನವರು ಯಾವಾಗ ನೋಡಿದರು?’ ಅಂತ ಪ್ರಶ್ನೆ ಬದಲಿಸಿ, ಅದೇ ಪಾಠ ಕೊಡಿ. ಆಗ ಕಿಣ್ವ ಹೊರಗೆ, ಇಸವಿ ಒಳಗೆ.

ನೋಟ್ಸ್ ಚೆನ್ನಾಗಿದೆಯಾ ಅಂತ ನೋಡಲು ಅಂಕ ಹಾಕುವುದು ಸುಮ್ನೆ. ಎರಡು ದಿನ ಬಿಟ್ಟು, ಪಾಠ ಕೊಡದೆ, ನೋಟ್ಸ್ ಮಾತ್ರ ಇಟ್ಟುಕೊಂಡು ಹೊಸ ಪ್ರಶ್ನೆಗೆ ಉತ್ತರ ಬರೆಯಲಿ: ‘ಆಪರೇಷನ್‌ಗೆ ಬೆನ್ನಿನ ಕೂದಲು ಬೋಳಿಸಿದರೆ ಅಲ್ಲಿ ಹೊಸ ಕೂದಲು ಯಾವ ಬಣ್ಣದ್ದು ಬರಬಹುದು?’ ಬೋಳಾದ ಚರ್ಮ ತಂಪಾಗುತ್ತದೆ, ಹಾಗಾಗಿ ಗಾಢ ಬಣ್ಣದ್ದು ಬರಬಹುದು. ನಕಲು ಮಾಡಿದವರು ಪುಟವೆಲ್ಲ ಹುಡುಕುತ್ತಾರೆ. ಬಾಣದ ಗುರುತು ಹಾಕಿದವರು ತಟ್ಟನೆ ಹೇಳುತ್ತಾರೆ.

ಫೋಟೋ ಮಾತ್ರ ಮೊದಲೇ ತೋರಿಸಬೇಡಿ. ನೋಟ್ಸ್ ನೋಡಿಕೊಂಡೇ ಬೆಕ್ಕಿನ ಚಿತ್ರ ಬರೆಸಿ, ಆಮೇಲೆ ಫೋಟೋ ಪಕ್ಕದಲ್ಲಿಡಿ. ನಮ್ಮಲ್ಲಿ ಅರ್ಧ ತರಗತಿ ಮೂತಿಗೆ ಬಣ್ಣ ಹಾಕಿರಲಿಲ್ಲ. ಬರೆದುಕೊಂಡೇ ಇರಲಿಲ್ಲ, ಅಲ್ವಾ!