ಹಳೆ ಕಾಂಕ್ರೀಟ್ ಒಡೆದು ಮಾಡಿದ ಖಡಿ (ಜಲ್ಲಿ) ಬಳಸಿದರೆ ಪರಿಸರಕ್ಕೆ ನಿಜಕ್ಕೂ ಲಾಭವಿದೆಯೇ?

ಇದೆ. ಆದರೆ ಲಾಭ ಇರುವುದು ಗುಡ್ಡ ಉಳಿಯುವುದರಲ್ಲಿ, ಕಟ್ಟಡದ ಕಸ ಹಳ್ಳಕ್ಕೆ ಬೀಳದಿರುವುದರಲ್ಲಿ. ಇಂಗಾಲದ ಲೆಕ್ಕದಲ್ಲಿ ಉಳಿತಾಯ ಕಡಿಮೆ.

ಕಾರಣ ಸಿಮೆಂಟ್. ಕಾಂಕ್ರೀಟಿನಲ್ಲಿ ಜಾಸ್ತಿ ಇರುವುದು ಖಡಿ ಮತ್ತು ಮರಳೇ. ಆದರೂ ಅದರ ಕಾರ್ಬನ್ ಡೈಆಕ್ಸೈಡ್‌ನ ಬಹುಪಾಲು ಸಿಮೆಂಟಿನದು. ನಮ್ಮ ಸೇಡಂ, ವಾಡಿಯಂಥ ಕಡೆ ಕಾರ್ಖಾನೆಗಳು ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತವೆ. ಆಗ ಇಂಧನದಿಂದಷ್ಟೇ ಅಲ್ಲ, ಕಲ್ಲಿನಿಂದಲೂ ಆ ಅನಿಲ ಹೊರಬರುತ್ತದೆ. ಖಡಿ ಬದಲಿಸಿದರೆ ಇದು ಬದಲಾಗುವುದಿಲ್ಲ, ಅಲ್ವಾ?

ಮರುಬಳಕೆಯ ಖಡಿಗೆ ಹಳೆಯ ಗಾರೆ ಅಂಟಿರುತ್ತದೆ. ಅದರಲ್ಲಿ ಸಣ್ಣ ರಂಧ್ರ ಜಾಸ್ತಿ, ನೀರು ಹೀರುತ್ತದೆ. ಗಟ್ಟಿತನ ಕಡಿಮೆಯಾದೀತು ಎಂದು ಸುಮ್ನೆ ಇನ್ನಷ್ಟು ಸಿಮೆಂಟ್ ಸುರಿದರೆ ಉಳಿಸಿದ್ದೆಲ್ಲ ಹೋಯಿತು. ಖಡಿಯನ್ನು ಮೊದಲೇ ನೆನೆಸಿಕೊಳ್ಳುವುದು ಎಷ್ಟೋ ಮೇಲು.

ದೂರವೂ ಮುಖ್ಯ. ಕಲಬುರಗಿಯಲ್ಲಿ ಕೆಡವಿದ ಕಟ್ಟಡವನ್ನು ಊರ ಹತ್ತಿರವೇ ಪುಡಿಮಾಡಿ ಬಳಸಿದರೆ ಸರಿ. ಹೈದರಾಬಾದಿನಿಂದ ಲಾರಿಯಲ್ಲಿ ತರಿಸಿದರೆ ಡೀಸೆಲ್ಲೇ ಲಾಭ ತಿಂದುಹಾಕುತ್ತದೆ.

ಖಡಿ, ಮರಳಿಗೆ ಇರುವ ಭಾರತೀಯ ಮಾನದಂಡ ಐಎಸ್ 383:2016 ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ, ಎಂ25 ಎಂಬ ಗಟ್ಟಿತನದ ದರ್ಜೆಯವರೆಗೆ, ಒಟ್ಟು ಖಡಿಯಲ್ಲಿ ಇಂಥದ್ದನ್ನು 20% ವರೆಗೆ ಒಪ್ಪುತ್ತದೆ. ಕಬ್ಬಿಣವಿಲ್ಲದ್ದಕ್ಕೆ 25%. ಅಡಿಪಾಯದ ಕೆಳಗಿನ ಬೆಡ್ಡಿನಂಥ, ಸಿಮೆಂಟ್ ಕಡಿಮೆ ಇರುವ ಮಿಶ್ರಣಕ್ಕೆ ಪೂರ್ತಿ ಇದನ್ನೇ ಬಳಸಬಹುದು. ನನ್ನ ಪ್ರಕಾರ ಶುರು ಮಾಡಬೇಕಾದದ್ದು ಅಲ್ಲಿಂದಲೇ. ಹಳೆ ಮನೆಯ ಶಹಾಬಾದ್ ಕಲ್ಲನ್ನಂತೂ ದಯವಿಟ್ಟು ಪುಡಿ ಮಾಡಬೇಡಿ, ಇಡಿಯಾಗಿ ತೆಗೆದು ಮತ್ತೆ ಹಾಸಿ.