ಒಬ್ಬರೇ ಇರುವಾಗ ಯುಗಾದಿಗೆ ಒಬ್ಬಟ್ಟು ಮಾಡಿಕೊಳ್ಳುವುದು ಅತಿಯಾಯಿತೇ?

ಈ ಸಲ ಊರಿಗೆ ಹೋಗಲು ರಜೆ ಸಿಕ್ಕಿಲ್ಲ, ಕೋಣೆಯಲ್ಲಿ ನಾನೊಬ್ಬಳೇ, ಒಬ್ಬಳಿಗಾಗಿ ಹಬ್ಬದಡುಗೆ ಮಾಡುವುದು ಹುಚ್ಚುತನವೇ ಎಂದು ಕೇಳಿದ್ದೀರಿ. ಮಾಡಿ. ಅಂಗಡಿಯಿಂದ ಮಾತ್ರ ತರಬೇಡಿ. ಒಬ್ಬಟ್ಟು ಬೇಕರಿಯಲ್ಲೂ ಸಿಗುತ್ತದೆ. ಆದರೆ ಒಬ್ಬಟ್ಟಿನ ಸಾರು ಬೇಕಿದ್ದರೆ ಬೇಳೆ ನಿಮ್ಮ ಒಲೆಯ ಮೇಲೆಯೇ ಬೇಯಬೇಕು.

ನಾನು ಮಂಡ್ಯ ಕಡೆಯವನು, ಪುಣೆಯಲ್ಲಿ ಒಬ್ಬನೇ ಇದ್ದೇನೆ. ಇಲ್ಲಿ ಅದೇ ದಿನ ಗುಡಿ ಪಾಡವಾ, ಹಾಗಾಗಿ ರಜೆಯೇನೋ ಉಂಟು, ಆದರೆ ಒಂದೇ ದಿನ. ಮೊದಲ ವರ್ಷ ಹುಮ್ಮಸ್ಸಿನಲ್ಲಿ ತೊಗರಿಬೇಳೆ ಬೇಯಿಸಿ, ಬಸಿದು, ಆ ನೀರನ್ನು ಸಿಂಕಿಗೆ ಸುರಿದುಬಿಟ್ಟೆ. ಅಮ್ಮನಿಗೆ ಫೋನ್ ಮಾಡಿ ಮುಂದೇನು ಎಂದಾಗ, "ಕಟ್ಟು ಎಲ್ಲಿಟ್ಟೆ?" ಎಂದರು. ಚೆಲ್ಲಿದೆ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಕೆಳಗಿನ ಮನೆಯ ಮರಾಠಿ ಅಜ್ಜಿಗೆ ಇದನ್ನು ಹೇಳಿದಾಗ ಅವರೂ ಹಣೆ ಚಚ್ಚಿಕೊಂಡರು. ಅವರ ಪೂರಣ ಪೋಳಿಗೆ ಕಡಲೆಬೇಳೆ, ಬಸಿದ ನೀರಿನಲ್ಲಿ 'ಕಟಾಚಿ ಆಮಟಿ'. ಕಟ, ಕಟ್ಟು: ನಮ್ಮ ಸಾರೇ ಸೀರೆ ಬದಲಿಸಿ ಬಂದಂತಿತ್ತು.

ಒಬ್ಬರಿಗೆ ಒಂದು ಲೋಟ ಬೇಳೆ ಸಾಕು. ಕುಕ್ಕರ್ ಬೇಡ, ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಬೇಳೆ ಮುರಿಯಬೇಕು, ಕರಗಬಾರದು. ಕಟ್ಟನ್ನು ಬಸಿದು ಮುಚ್ಚಿಡಿ. ಬೇಳೆಗೆ ಮುಕ್ಕಾಲು ಲೋಟ ಬೆಲ್ಲ ಹಾಕಿ ನೀರು ಆರುವವರೆಗೆ ಮಗುಚಿ, ಏಲಕ್ಕಿ ಸೇರಿಸಿ ರುಬ್ಬಿ. ಹೂರಣ ಸಡಿಲವಾದರೆ ಅಳಬೇಡಿ, ಮತ್ತೆ ಒಲೆಗಿಡಿ. ಮೈದಾ, ಚಿರೋಟಿ ರವೆ, ಅರಿಶಿನದ ಕನಕವನ್ನು ಮೆತ್ತಗೆ ಕಲಸಿ ಎರಡು ಗಂಟೆ ಎಣ್ಣೆಯಲ್ಲಿ ನೆನೆಯಲು ಬಿಡಿ. ತಟ್ಟಲು ಬಾಳೆ ಎಲೆ ಸಿಗದಿದ್ದರೆ ಖಾಲಿ ಎಣ್ಣೆ ಪ್ಯಾಕೆಟ್ಟನ್ನು ಕತ್ತರಿಸಿ ಬಿಡಿಸಿಕೊಳ್ಳಿ. ಹತ್ತು ಹನ್ನೆರಡು ಒಬ್ಬಟ್ಟು ಆಗುತ್ತವೆ. ಇನ್ನೂ ಕಡಿಮೆ ಮಾಡಲು ಹೋಗಬೇಡಿ, ಸಾರಿಗೆ ಕಟ್ಟು ಸಾಲುವುದಿಲ್ಲ. ಕಟ್ಟಿಗೆ ಹುಣಸೆ ರಸ, ಸಾರಿನ ಪುಡಿ, ಜೀರಿಗೆಯೊಂದಿಗೆ ರುಬ್ಬಿದ ಕಾಯಿ, ಒಂದು ಉಂಡೆ ಹೂರಣ ಹಾಕಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ.

ಕೋಸಂಬರಿ, ಪಲ್ಯ, ಚಿತ್ರಾನ್ನ, ಪಾಯಸ ಎಲ್ಲವೂ ಬೇಕೆಂದು ಹೊರಟರೆ ಉಣ್ಣುವ ಹೊತ್ತಿಗೆ ಹಸಿವೇ ಸತ್ತಿರುತ್ತದೆ. ನಾನು ಮಾವಿನಕಾಯಿ ಚಿತ್ರಾನ್ನಕ್ಕೆ ನಿಲ್ಲಿಸುತ್ತೇನೆ. ಬೇವಿಗೆ ಇಲ್ಲಿ ತೊಂದರೆಯಿಲ್ಲ, ಗುಡಿಗೆ, ಅಂದರೆ ಮನೆ ಮುಂದೆ ನಿಲ್ಲಿಸುವ ಹಬ್ಬದ ಕೋಲಿಗೆ, ಕಟ್ಟಲೆಂದು ರಸ್ತೆಬದಿಯಲ್ಲೇ ಕಟ್ಟು ಕಟ್ಟಾಗಿ ಮಾರುತ್ತಾರೆ.

ನಿಜವಾಗಿ ಕಷ್ಟವಾಗುವುದು ಊಟಕ್ಕೆ ಕುಳಿತಾಗ. ಮನೆಯಲ್ಲಿ ಹಬ್ಬದ ದಿನ ಯಾರೂ ತಾವೇ ಬಡಿಸಿಕೊಳ್ಳುವುದಿಲ್ಲ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಅಜ್ಜಿ ಬೆರಳ ಸಂದಿಯಲ್ಲೇ ತುಪ್ಪ ಸುರಿಯಬೇಕು. ಇಲ್ಲಿ ಬೇಡವೆನ್ನಲು ಯಾರಿದ್ದಾರೆ? ಮೊದಲ ವರ್ಷ ಎಲ್ಲವನ್ನೂ ಒಟ್ಟಿಗೆ ತಟ್ಟೆಗೆ ಹಾಕಿಕೊಂಡು ಮೊಬೈಲ್ ನೋಡುತ್ತಾ ತಿಂದೆ, ಮೆಸ್ಸಿನ ಊಟದಂತಿತ್ತು. ಈಗ ಒಂದೊಂದೇ ಒಬ್ಬಟ್ಟನ್ನು ಬೇಯಿಸಿ, ತವೆಯಿಂದ ನೇರ ತಟ್ಟೆಗೆ ಹಾಕಿ, ತುಪ್ಪ ಸುರಿದು ಅಡುಗೆಮನೆಯ ನೆಲದಲ್ಲೇ ಕುಳಿತು ತಿನ್ನುತ್ತೇನೆ. ಎರಡನೆಯದಕ್ಕೆ ಎದ್ದು ಹೋಗಬೇಕು. ಮೂರನೆಯದನ್ನು ಬೇಯಿಸುವಾಗ ನನಗೆ ನಾನೇ ಒತ್ತಾಯ ಮಾಡಿಕೊಳ್ಳುವುದೂ ಉಂಟು. ಮನೆಯವರೊಂದಿಗೆ ವಿಡಿಯೋ ಕರೆ ಸಂಜೆಗೆ, ಚಂದ್ರನನ್ನು ನೋಡಿದ ಮೇಲೆ. ಊಟದ ನಡುವೆ ಕರೆ ಮಾಡಿದರೆ ಅವರ ಪಂಕ್ತಿ ನೋಡಿ ನಿಮ್ಮ ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಮರುದಿನ ಹೊಸತೊಡಕು. ಊರಿನಲ್ಲಿ ಬಾಡೂಟ, ನನಗೆ ಕಚೇರಿ. ಡಬ್ಬಿಗೆ ಎರಡು ಒಬ್ಬಟ್ಟು ಹಾಕಿಕೊಂಡು ಹೋಗುತ್ತೇನೆ. ಸಾರನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಕುದಿಸಿ ಕುದಿಸಿ, ಮೂರನೆಯ ದಿನ ತಳದಲ್ಲಿ ಗಟ್ಟಿಯಾಗಿ ಉಳಿದದ್ದನ್ನು ಬಿಸಿ ಅನ್ನಕ್ಕೆ ಕಲಸಿಕೊಳ್ಳುತ್ತೇನೆ.